ಕರೆಂಟು ಬರುತ್ತಿದೆ ಎಂದರೆ ಎಲ್ಲ ಸರಿಯಿದೆಯೇ?

ಗ್ರೈಂಡರ್ ಮುಟ್ಟುವ ಮುಂಚೆ ಚಪ್ಪಲಿ ಹಾಕಿಕೊಳ್ಳಬೇಕು ಎಂಬುದು ನಮ್ಮ ಎಷ್ಟೋ ಅಡುಗೆಮನೆಗಳ ಅಲಿಖಿತ ನಿಯಮ. ದೋಸೆಹಿಟ್ಟು ರುಬ್ಬುವಾಗ ಒದ್ದೆ ಕೈ ಸ್ಟೀಲಿನ ಮೈಗೆ ತಗುಲಿದರೆ ಬೆರಳ ತುದಿಯಲ್ಲಿ ಜುಮ್ಮೆನ್ನುತ್ತದೆ. "ಅದು ಸ್ವಲ್ಪ ಶಾಕ್ ಹೊಡೆಯುತ್ತೆ ಕಣಮ್ಮ, ಚಪ್ಪಲಿ ಹಾಕ್ಕೊಂಡು ಮುಟ್ಟು" ಎಂದು ಅತ್ತೆ ಸೊಸೆಗೆ ಹೇಳುತ್ತಾಳೆ, ಸೊಸೆ ಕೆಲಸಕ್ಕೆ ಬರುವಾಕೆಗೆ ಹೇಳುತ್ತಾಳೆ. ಗೀಸರ್ ಆಫ್ ಮಾಡಿಯೇ ನಲ್ಲಿ ತಿರುಗಿಸು, ಫ್ರಿಜ್ಜಿನ ಹಿಡಿಯನ್ನು ಒಣಗಿದ ಕೈಯಲ್ಲೇ ಹಿಡಿ ಎಂಬ ಮಾತುಗಳೂ ಇದೇ ಸಾಲಿನವು. ಹೇಳುವವರ ಕಾಳಜಿಯಲ್ಲಿ ಅನುಮಾನವಿಲ್ಲ. ಆದರೆ ಈ ಕಾಳಜಿ ದೋಷವನ್ನು ಸರಿಪಡಿಸುವುದಿಲ್ಲ, ದೋಷದ ಜೊತೆ ಹೇಗೆ ಬಾಳಬೇಕೆಂದು ಕಲಿಸುತ್ತದೆ. ನಲ್ಲಿ ತೊಟ್ಟಿಕ್ಕಿದರೆ ಅದೇ ವಾರ ಪ್ಲಂಬರ್‌ಗೆ ಫೋನ್ ಹೋಗುತ್ತದೆ. ಮೈಗೆ ಕರೆಂಟು ಹೊಡೆಯುವ ಗ್ರೈಂಡರ್ ಮಾತ್ರ ವರ್ಷಗಟ್ಟಲೆ ಹಾಗೇ ತಿರುಗುತ್ತಿರುತ್ತದೆ.

ಇದನ್ನು ಬರೀ ಸೋಮಾರಿತನ ಎಂದರೆ ವಿಷಯ ತೇಲಿಸಿದಂತೆ. ಇದರ ಹಿಂದೆ ಒಂದು ತರ್ಕವಿದೆ: "ಕೆಟ್ಟಾಗ ನೋಡೋಣ." ಮನೆಯ ಬಹುತೇಕ ವಸ್ತುಗಳಿಗೆ ಈ ತರ್ಕ ಸಲ್ಲುತ್ತದೆ. ಮಿಕ್ಸಿ ಕೆಟ್ಟರೆ ನಿಲ್ಲುತ್ತದೆ, ಬಲ್ಬು ಹೋದರೆ ಕತ್ತಲಾಗುತ್ತದೆ. ಕೆಟ್ಟದ್ದು ತಾನಾಗಿ ತಿಳಿಯುತ್ತದೆ, ಆಗ ರಿಪೇರಿ ಮಾಡಿಸಿದರೆ ನಷ್ಟವೇನಿಲ್ಲ. ಆದರೆ ಮನೆಯ ವೈರಿಂಗಿನಲ್ಲಿ ಎರಡು ಬಗೆಯ ಭಾಗಗಳಿವೆ. ಒಂದು, ಕೆಲಸ ಮಾಡಿಸುವ ಭಾಗ: ಫೇಸ್, ನ್ಯೂಟ್ರಲ್, ಸ್ವಿಚ್ಚು. ಇನ್ನೊಂದು, ಕಾಯುವ ಭಾಗ: ಅರ್ಥಿಂಗ್, ಸೋರಿಕೆ ಹಿಡಿಯುವ ಆರ್‌ಸಿಸಿಬಿ, ತಂತಿಯ ಮೇಲಿನ ಹೊದಿಕೆ. ಮೊದಲನೆಯದು ಕೆಟ್ಟರೆ ಆ ಕ್ಷಣವೇ ಗೊತ್ತಾಗುತ್ತದೆ. ಎರಡನೆಯದು ಪೂರ್ತಿ ಹಾಳಾದರೂ ಫ್ಯಾನು ತಿರುಗುತ್ತದೆ, ಟಿವಿ ನಡೆಯುತ್ತದೆ, ಮೀಟರು ಓಡುತ್ತದೆ. ಅರ್ಥಿಂಗ್ ತಂತಿ ಎಂದೋ ಕಡಿದುಹೋಗಿದ್ದರೆ ಅದನ್ನು ತಿಳಿಸುವ ಯಾವ ಗುರುತೂ ದಿನನಿತ್ಯದ ಬಳಕೆಯಲ್ಲಿ ಕಾಣಿಸುವುದಿಲ್ಲ. ಆದ್ದರಿಂದ ಕೆಟ್ಟಾಗ ನೋಡೋಣ ಎಂಬ ನೀತಿ ಇಲ್ಲಿ ನಡೆಯದು. ಕಾಯುವ ಭಾಗ ಕೆಟ್ಟದ್ದು ನಮಗೆ ಗೊತ್ತಾಗುವುದು ಅದು ಕಾಯಬೇಕಾದ ದಿನವೇ.

ಇದಕ್ಕೆ ಸಾಮಾನ್ಯವಾಗಿ ಬರುವ ಉತ್ತರ, "ನಮ್ಮಲ್ಲಿ ಎಂಸಿಬಿ ಹಾಕ್ಸಿದೀವಲ್ಲ." ಎಂಸಿಬಿ ಏನನ್ನು ಕಾಯುತ್ತದೆ ಎಂದು ನೋಡಬೇಕು. 16 ಆಂಪಿಯರ್‌ನ ಎಂಸಿಬಿ ಬೀಳಬೇಕಾದರೆ ತಂತಿಯಲ್ಲಿ 16 ಆಂಪಿಯರ್‌ಗೂ ಹೆಚ್ಚು ಹರಿಯಬೇಕು. ಒದ್ದೆ ಮೈಯ ಮನುಷ್ಯನ ಪ್ರತಿರೋಧ ಸುಮಾರು ಸಾವಿರ ಓಮ್ ಎಂದುಕೊಂಡರೆ, 230 ವೋಲ್ಟಿನಲ್ಲಿ ಅವನ ಮೂಲಕ ಹರಿಯುವುದು 230 ಮಿಲಿ ಆಂಪಿಯರ್. ಎದೆಬಡಿತದ ಲಯ ತಪ್ಪಿಸಿ ಜೀವ ತೆಗೆಯಲು ಅಷ್ಟು ಧಾರಾಳ ಸಾಕು. ಎಂಸಿಬಿಯ ಲೆಕ್ಕದಲ್ಲಿ ಅದು ತನ್ನ ಮಿತಿಯ ಎಪ್ಪತ್ತರಲ್ಲಿ ಒಂದು ಪಾಲು. ಒಬ್ಬ ಮನುಷ್ಯ ಕರೆಂಟು ಹಿಡಿದು ಒದ್ದಾಡುತ್ತಿದ್ದರೆ ಎಂಸಿಬಿಗೆ ಅದು ಇನ್ನೊಂದು ಸಣ್ಣ ಬಲ್ಬು ಉರಿದ ಲೆಕ್ಕ. ಎಂಸಿಬಿ ಇರುವುದು ತಂತಿ ಸುಡದಂತೆ ಕಾಯಲು, ಮನುಷ್ಯನನ್ನು ಕಾಯಲು ಅಲ್ಲ. ಹಳೆಯ ಮನೆಗಳ ಪಿಂಗಾಣಿ ಫ್ಯೂಸಿನ ಕತೆಯೂ ಅಷ್ಟೇ. ಅದರಲ್ಲಿ ಫ್ಯೂಸ್ ತಂತಿಯ ಬದಲು ಎಲ್ಲಿಂದಲೋ ಕಿತ್ತ ತಾಮ್ರದ ಎಳೆ ಸುತ್ತಿದ್ದರೆ ತಂತಿಯ ಕಾವಲೂ ಹೋಯಿತು.

ಹಾಗಾದರೆ ಅರ್ಥಿಂಗ್ ಇದ್ದರೆ ಸಾಕೇ? ನಮ್ಮ ಮನೆಗಳಲ್ಲಿ ಅರ್ಥಿಂಗ್ ಎಂದರೆ ಅಂಗಳದ ಮೂಲೆಯಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ಪದರ ಪದರವಾಗಿ ತುಂಬಿ, ನಡುವೆ ಜಿಐ ಪೈಪು ನಿಲ್ಲಿಸಿದ್ದು. ಕಟ್ಟಿದ ವರ್ಷ ಅದು ಚೆನ್ನಾಗಿಯೇ ಇರುತ್ತದೆ. ಬೇಸಿಗೆಯಲ್ಲಿ ಅದಕ್ಕೆ ಎರಡು ಕೊಡ ನೀರು ಹಾಕುವ ಅಭ್ಯಾಸ ಹಿಂದಿನವರಿಗಿತ್ತು. ಈಗ ಗುಂಡಿಯ ಮೇಲೆ ಕಾರು ನಿಲ್ಲಿಸಲು ಟೈಲ್ಸ್ ಬಂದಿದೆ, ನೀರು ಹಾಕುವ ಬಾಯಿ ಮುಚ್ಚಿದೆ. ಉಪ್ಪೇ ಪೈಪನ್ನು ತಿಂದುಹಾಕಿದೆ. ಮಣ್ಣು ಒಣಗಿ ಆ ಗುಂಡಿಯ ಪ್ರತಿರೋಧ 50 ಓಮ್‌ಗೆ ಏರಿದೆ ಎಂದಿಟ್ಟುಕೊಳ್ಳಿ. ಗ್ರೈಂಡರಿನ ಒಳಗೆ ಫೇಸ್ ತಂತಿ ಬಿಚ್ಚಿ ಅದರ ಲೋಹದ ಮೈಗೆ ತಗುಲಿದರೆ ಅರ್ಥಿಂಗ್ ಮೂಲಕ ಹರಿಯುವುದು ಐದು ಆಂಪಿಯರ್‌ಗೂ ಕಡಿಮೆ. 16 ಆಂಪಿಯರ್‌ನ ಎಂಸಿಬಿ ಬೀಳುವುದೇ ಇಲ್ಲ. ಗ್ರೈಂಡರಿನ ಮೈ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜಿನಲ್ಲಿ ನಿಂತಿರುತ್ತದೆ, ಮುಟ್ಟುವವರಿಗಾಗಿ ಕಾಯುತ್ತ. ಆ ಮನೆಯಲ್ಲಿ ಮೂರು ಪಿನ್ನಿನ ಪ್ಲಗ್ಗಿದೆ, ಅರ್ಥಿಂಗ್ ಇದೆ, ಎಂಸಿಬಿಯೂ ಇದೆ. ರಕ್ಷಣೆ ಮಾತ್ರ ಇಲ್ಲ.

ಈ ಕೊರತೆ ತುಂಬುವುದಕ್ಕೇ ಇರುವುದು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸು ಬಂತೇ ಎಂದು ಅದು ಸದಾ ತಾಳೆ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ, ಅಂದರೆ ಅಷ್ಟು ಕರೆಂಟು ಯಾರದೋ ಮೈಮೂಲಕವೋ ಒದ್ದೆ ಗೋಡೆಯ ಮೂಲಕವೋ ನೆಲಕ್ಕೆ ಸೋರಿದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಮನೆಯ ಸಂಪರ್ಕ ಕಡಿಯುತ್ತದೆ. ಅಡುಗೆ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿದ್ದು ತಿಳಿಯಲೆಂದೇ ಅದಕ್ಕೆ ಕೆಟ್ಟ ವಾಸನೆಯ ರಾಸಾಯನಿಕ ಸೇರಿಸುತ್ತಾರೆ. ಸೋರುವ ಕರೆಂಟಿಗೆ ಹಾಗೆ ವಾಸನೆ ಸೇರಿಸಲಾಗದು, ಅದನ್ನು ಮೂಸುವ ಮೂಗು ಈ ಪೆಟ್ಟಿಗೆಯೊಂದೇ. ಅದಕ್ಕೂ ಮಿತಿಯಿದೆ: ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವನನ್ನು ಅದು ಉಳಿಸದು, ಯಾಕೆಂದರೆ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಮನೆಗಳಲ್ಲಿ ಶಾಕ್ ಹೊಡೆಯುವ ಬಹುಪಾಲು ಸಂದರ್ಭಗಳು ನೆಲಕ್ಕೆ ಸೋರುವಂಥವೇ: ಬಚ್ಚಲುಮನೆಯ ಗೀಸರ್, ಬಕೆಟ್ಟಿಗೆ ಇಳಿಬಿಟ್ಟ ವಾಟರ್ ಹೀಟರ್ ಕಾಯಿಲ್, ವಾಷಿಂಗ್ ಮೆಷಿನ್, ಸಂಪಿನ ಮೋಟರು.

ಇನ್ನು, ಹಾಕಿಸಿದ ಆರ್‌ಸಿಸಿಬಿಗೆ ನಾವು ಮಾಡುವುದೇನು? ಮಳೆಗಾಲದಲ್ಲಿ ಅದು ಪದೇಪದೇ ಬೀಳುತ್ತದೆ. ಟಿವಿ ನೋಡುತ್ತಿದ್ದವರಿಗೆ ಕಿರಿಕಿರಿ, ಫ್ರಿಜ್ಜಿನ ಹಾಲು ಕೆಡುವ ಚಿಂತೆ. ಎಲೆಕ್ಟ್ರಿಷಿಯನ್ ಬಂದು ಡಿಬಿ, ಅಂದರೆ ಇವೆಲ್ಲ ಕೂತಿರುವ ವಿತರಣಾ ಪೆಟ್ಟಿಗೆ, ಬಿಚ್ಚುತ್ತಾನೆ. ಮನೆಯವರೇ ಹೇಳುತ್ತಾರೆ: "ಇದೊಂದು ಕಾಟ ಆಗಿದೆ, ಡೈರೆಕ್ಟ್ ಮಾಡಿಬಿಡಪ್ಪ." ಅವನು ಮೇಲಿನ ತಂತಿಯನ್ನೂ ಕೆಳಗಿನ ತಂತಿಯನ್ನೂ ಸೇರಿಸಿ ಬಿಗಿದು, ಮುಚ್ಚಳ ಹಾಕಿ, ಮುನ್ನೂರು ರೂಪಾಯಿ ತೆಗೆದುಕೊಂಡು ಹೋಗುತ್ತಾನೆ. ಹೊರಗಿನಿಂದ ನೋಡಿದರೆ ಪೆಟ್ಟಿಗೆ ಅಲ್ಲೇ ಇದೆ, ಅದರ ಸನ್ನೆ ಮೇಲಕ್ಕೇ ಇದೆ. ಐದು ವರ್ಷದ ನಂತರ ಆ ಮನೆಗೆ ಬಾಡಿಗೆಗೆ ಬಂದವರು ಅದನ್ನು ನೋಡಿ ನೆಮ್ಮದಿಪಡುತ್ತಾರೆ. ಅದು ಬೀಳುತ್ತಿದ್ದುದಕ್ಕೆ ಕಾರಣ ಹೊರಗಿನ ದೀಪದೊಳಗೆ ನುಗ್ಗಿದ ಮಳೆನೀರೋ, ಗೀಸರಿನ ಹಳೆಯ ಕಾಯಿಲೋ, ಯುಪಿಎಸ್ ಕೂರಿಸುವಾಗ ಎರಡು ಸಾಲಿನ ನ್ಯೂಟ್ರಲ್‌ಗಳನ್ನು ಬೆರೆಸಿದ್ದೋ ಇರಬೇಕು. ಉಪಕರಣಗಳ ಪ್ಲಗ್ಗು ಕಿತ್ತು, ಎಲ್ಲ ಎಂಸಿಬಿ ಇಳಿಸಿ, ಒಂದೊಂದಾಗಿ ಮೇಲೆತ್ತುತ್ತ ಬಂದರೆ ಸಾಮಾನ್ಯವಾಗಿ ಕಳ್ಳ ಸಿಕ್ಕಿಬೀಳುತ್ತಾನೆ. ಅದಕ್ಕೆ ಒಂದು ಗಂಟೆ ತಾಳ್ಮೆ ಬೇಕು. ಡೈರೆಕ್ಟ್ ಮಾಡಲು ಹತ್ತು ನಿಮಿಷ ಸಾಕು. ತಪ್ಪು ಎಲೆಕ್ಟ್ರಿಷಿಯನ್‌ನದು ಮಾತ್ರವಲ್ಲ, ಹತ್ತು ನಿಮಿಷದ ಕೆಲಸಕ್ಕಷ್ಟೇ ಹಣ ಕೊಡಲು ಸಿದ್ಧರಿರುವ ನಮ್ಮದೂ ಹೌದು.

ಈ ಎರಡೂ ಪೆಟ್ಟಿಗೆಗಳು ಹಿಡಿಯಲಾರದ ದೋಷವೂ ಒಂದಿದೆ, ಸಡಿಲ ಸ್ಕ್ರೂ. ಮೂರು ಕಿಲೋವ್ಯಾಟಿನ ಗೀಸರ್ 13 ಆಂಪಿಯರ್ ಎಳೆಯುತ್ತದೆ. ಅದರ ಸಾಕೆಟ್ಟಿನೊಳಗೆ ತಂತಿ ಸಡಿಲಾಗಿ ಆ ಕೂಡುವ ಜಾಗದಲ್ಲಿ ಬರೀ ಅರ್ಧ ಓಮ್ ಪ್ರತಿರೋಧ ಹುಟ್ಟಿದರೂ, 13 ಗುಣಿಸು 13 ಗುಣಿಸು ಅರ್ಧ, ಅಂದರೆ ಸುಮಾರು 84 ವ್ಯಾಟ್ ಶಾಖ ಆ ಪುಟ್ಟ ಪ್ಲಾಸ್ಟಿಕ್ ಗೂಡಿನೊಳಗೆ ಬೆಳಗ್ಗೆ ಬೆಳಗ್ಗೆ ಹುಟ್ಟುತ್ತದೆ. ಕರೆಂಟು ಮಿತಿ ಮೀರಿಲ್ಲವಾದ್ದರಿಂದ ಎಂಸಿಬಿ ಸುಮ್ಮನಿರುತ್ತದೆ. ನೆಲಕ್ಕೆ ಸೋರಿಲ್ಲವಾದ್ದರಿಂದ ಆರ್‌ಸಿಸಿಬಿಯೂ ಸುಮ್ಮನಿರುತ್ತದೆ. ಪ್ಲಗ್ಗು ಕಿತ್ತಾಗ ಪಿನ್ನು ಬಿಸಿಯಾಗಿರುತ್ತದೆ, ಸಾಕೆಟ್ಟಿನ ತೂತಿನ ಸುತ್ತ ಕಂದು ಬಣ್ಣದ ಉಂಗುರ ಮೂಡಿರುತ್ತದೆ, ಸ್ವಿಚ್ಚು ಒತ್ತಿದಾಗ ಚಟಚಟ ಸದ್ದು ಬರುತ್ತದೆ. ಇವನ್ನು ಗಮನಿಸಬೇಕಾದ್ದು ಮನೆಯವರ ಕಣ್ಣು, ಕಿವಿ. ಪತ್ರಿಕೆಗಳಲ್ಲಿ "ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ" ಎಂದು ಒಂದೇ ಸಾಲಿನಲ್ಲಿ ಮುಗಿದುಹೋಗುವ ಅವಘಡಗಳಲ್ಲಿ ಎಷ್ಟೋ ಇಂಥ ಸಡಿಲ ಸ್ಕ್ರೂಗಳಿಂದ ಶುರುವಾದವು. ಅವು ಹಠಾತ್ತನೆ ಬಂದವಲ್ಲ, ತಿಂಗಳುಗಟ್ಟಲೆ ಕಂದುಬಣ್ಣದಲ್ಲಿ ಮುನ್ಸೂಚನೆ ಕೊಟ್ಟೇ ಬಂದವು.

ಕೆಡುವ ಮುಂಚೆಯೇ ವೈರಿಂಗ್ ನೋಡಿಸಬೇಕು ಎಂಬ ಮಾತಿಗೆ ಬರುವ ಮೊದಲ ಆಕ್ಷೇಪ: "ಮೂವತ್ತು ವರ್ಷದಿಂದ ಇದೇ ವೈರಿಂಗು, ಏನೂ ಆಗಿಲ್ಲ." ಮೂವತ್ತು ವರ್ಷದಲ್ಲಿ ವೈರಿಂಗು ಅದೇ ಇರಬಹುದು, ಮನೆ ಅದೇ ಇಲ್ಲ. ಮೈಸೂರಿನ ಹಳೆಯ ವಠಾರವಾಗಲಿ ಮಲೆನಾಡಿನ ತೊಟ್ಟಿಮನೆಯಾಗಲಿ, ಮರದ ಪಟ್ಟಿಯ ಮೇಲೆ ಎಳೆದ ತಂತಿಗಳು ನಾಲ್ಕು ಬಲ್ಬು, ಒಂದು ರೇಡಿಯೋ, ಹೆಚ್ಚೆಂದರೆ ಒಂದು ಫ್ಯಾನಿನ ಲೆಕ್ಕಕ್ಕೆ ಹಾಕಿದವು. ಇಂದು ಅದೇ ತಂತಿಯ ಮೇಲೆ ಫ್ರಿಜ್ಜು, ಇಂಡಕ್ಷನ್ ಒಲೆ, ಗೀಸರ್, ಕೆಲವು ಕಡೆ ಎಸಿ. ಕರೆಂಟು ಎರಡರಷ್ಟಾದರೆ ತಂತಿಯ ಶಾಖ ನಾಲ್ಕರಷ್ಟಾಗುತ್ತದೆ. ಬಿಸಿ ತಿಂದ ಹೊದಿಕೆ ವರ್ಷ ವರ್ಷ ಗಡಸಾಗಿ ಬಿರಿಯುತ್ತದೆ. ಏನೂ ಆಗದ ಮೂವತ್ತು ವರ್ಷ ಸುರಕ್ಷತೆಯ ಪುರಾವೆಯಲ್ಲ. ತಂತಿಗೆ ಮೂವತ್ತು ವರ್ಷ ವಯಸ್ಸಾಯಿತು ಎಂಬುದಕ್ಕಷ್ಟೇ ಪುರಾವೆ.

ಎರಡನೆಯ ಆಕ್ಷೇಪ ಖರ್ಚಿನದು. ಸಾಧಾರಣ ಮನೆಗೆ ಬೇಕಾದ 30 ಮಿಲಿ ಆಂಪಿಯರ್‌ನ ಒಂದು ಆರ್‌ಸಿಸಿಬಿಗೆ ಎರಡು-ಮೂರು ಸಾವಿರ ರೂಪಾಯಿ ಆಸುಪಾಸು. ಅದಕ್ಕೆ ಹಿಂದೇಟು ಹಾಕುವ ಮನೆಯಲ್ಲೇ ಫಾಲ್ಸ್ ಸೀಲಿಂಗಿನ ಸುತ್ತ ಬಣ್ಣ ಬದಲಿಸುವ ಎಲ್‌ಇಡಿ ಪಟ್ಟಿ ಓಡಿಸಿರುತ್ತೇವೆ. ಗೃಹಪ್ರವೇಶಕ್ಕೆ ಬಂದವರು ಹೊಗಳುವುದು ಅದನ್ನೇ. ಅರ್ಥಿಂಗ್ ಗುಂಡಿಯನ್ನು ನೋಡಿ "ಚೆನ್ನಾಗಿ ಮಾಡ್ಸಿದೀರಿ" ಎಂದ ನೆಂಟರನ್ನು ಯಾರೂ ಕಂಡಿಲ್ಲ. ಹಣದ ಕೊರತೆ ನಿಜವಾಗಿ ಇರುವ ಮನೆಗಳು ಬೇರೆಯೇ ಇವೆ, ಅವುಗಳ ಮಾತು ಮುಂದೆ ಬರುತ್ತದೆ.

ಮೂರನೆಯ ಆಕ್ಷೇಪ ಹೆಚ್ಚು ತೂಕದ್ದು: ಇದು ಸರ್ಕಾರದ, ವಿದ್ಯುತ್ ಕಂಪನಿಗಳ ಕೆಲಸವಲ್ಲವೇ? 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಕಾಡುಗೋಡಿ ಬಳಿ ಫುಟ್‌ಪಾತಿನ ಮೇಲೆ ತುಂಡಾಗಿ ಬಿದ್ದಿದ್ದ ತಂತಿ ತುಳಿದು ತಾಯಿ ಮತ್ತು ಹಸುಗೂಸು ಸುಟ್ಟು ಸತ್ತಾಗ ಇಡೀ ರಾಜ್ಯ ಸಿಟ್ಟಾಯಿತು, ಅಧಿಕಾರಿಗಳ ಅಮಾನತೂ ಆಯಿತು. ಆ ಸಿಟ್ಟು ನ್ಯಾಯವಾದದ್ದು. ಆದರೆ ಬೀದಿಯ ತಂತಿಗೆ ಉತ್ತರ ಹೇಳಬೇಕಾದ ಕಂಪನಿಯ ಹೊಣೆ ಮೀಟರಿನ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಒಳಗಿನ ಪ್ರತಿ ಅಡಿ ತಂತಿ ಮನೆಯವರದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ (ಎನ್‌ಸಿಆರ್‌ಬಿ) ಲೆಕ್ಕದಲ್ಲಿ ದೇಶದಲ್ಲಿ ಕರೆಂಟು ಹೊಡೆದು ಸಾಯುವವರ ಸಂಖ್ಯೆ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ 12,000 ಮೀರಿದೆ. ಹೊಲದ ಪಂಪ್‌ಸೆಟ್ಟು, ಬೀದಿಯ ಕಂಬ, ಬಚ್ಚಲುಮನೆ ಎಲ್ಲ ಅದರಲ್ಲಿ ಸೇರಿವೆ. ಬೀದಿಯ ಸಾವಿಗೆ ತನಿಖೆಯಿದೆ. ಬಚ್ಚಲಿನ ಸಾವನ್ನು ನಾವು ಹಣೆಬರಹಕ್ಕೆ ಬಿಡುತ್ತೇವೆ.

ಹಾಗೆಂದು ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ. ಗ್ರಾಹಕರ ವಿದ್ಯುತ್ ಸಂಪರ್ಕಗಳನ್ನು ಐದು ವರ್ಷಕ್ಕೆ ಮೀರದಂತೆ ತಪಾಸಣೆ ಮಾಡಬೇಕು ಎಂದು 1956ರ ಭಾರತೀಯ ವಿದ್ಯುತ್ ನಿಯಮಗಳೇ ಹೇಳಿದ್ದವು. ಅವುಗಳ ಜಾಗಕ್ಕೆ 2010ರಲ್ಲಿ ಬಂದ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳೂ ಆ ಐದು ವರ್ಷವನ್ನು ಉಳಿಸಿಕೊಂಡವು. ಮನೆಗಳ ಮಟ್ಟಿಗೆ ಈ ಹೊಣೆ ಕ್ರಮೇಣ ಮಾಲೀಕರ ಸ್ವಯಂ ದೃಢೀಕರಣದ ಕಡೆ ಸರಿದಿದೆ. ಕಾಗದದ ಮೇಲೆ ಹೀಗೆಲ್ಲ ಇದ್ದರೂ, ಐದು ವರ್ಷಕ್ಕೊಮ್ಮೆ ತಪಾಸಣೆ ಕಂಡ ಮನೆ ನಿಮ್ಮ ಬೀದಿಯಲ್ಲಿ ಎಷ್ಟಿದೆ ಕೇಳಿನೋಡಿ. ಸೋರಿಕೆ ರಕ್ಷಣೆ ಕಡ್ಡಾಯ ಎಂಬ ನಿಯಮವೂ ಇದೆ, ಆದರೆ ತೀರಾ ಸಣ್ಣ ಹೊರೆಯ ಸಂಪರ್ಕಗಳಿಗೆ ಅದರಿಂದ ವಿನಾಯಿತಿ. ತರ್ಕ ಇಲ್ಲೇ ತಲೆಕೆಳಗಾಗುವುದು. ಭಾಗ್ಯಜ್ಯೋತಿ ಯೋಜನೆ ಶುರುವಾದದ್ದು ಬಡ ಮನೆಗೊಂದು ಬಲ್ಬು ಎಂಬ ಲೆಕ್ಕದಲ್ಲಿ. ಆ ಮನೆಗಳಲ್ಲಿ ಈಗ ಟಿವಿ, ಮಿಕ್ಸಿ, ನೀರು ಕಾಯಿಸುವ ಕಾಯಿಲ್ ಎಲ್ಲ ಬಂದಿವೆ. ನೆಲ ಮಣ್ಣಿನದು, ಮಾಡು ತಗಡಿನದು. ಸರ್ವಿಸ್ ವೈರ್ ತಗಡಿನ ಅಂಚಿಗೆ ಉಜ್ಜುತ್ತಿರುತ್ತದೆ, ಅದೇ ತಗಡಿನ ಕೊನೆಯಿಂದ ಬಟ್ಟೆ ಒಣಹಾಕುವ ಕಬ್ಬಿಣದ ತಂತಿ ಕಟ್ಟಿರುತ್ತಾರೆ. ಹೊರೆ ಚಿಕ್ಕದಾದರೂ ಅಪಾಯ ಎಲ್ಲಕ್ಕಿಂತ ದೊಡ್ಡದಿರುವುದು ಇಲ್ಲಿಯೇ. 2023ರ ಜುಲೈ ಬಳಕೆಯಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಿಲ್ಲು ಕಟ್ಟುತ್ತಿರುವ ಸರ್ಕಾರ, ಪ್ರತಿ ತಿಂಗಳ ಯೂನಿಟ್ಟಿನ ಜೊತೆಗೆ ಒಂದೇ ಒಂದು ಸಲ ಇಂಥ ಮನೆಗಳಿಗೆ ಒಂದು ಆರ್‌ಸಿಸಿಬಿ, ಒಂದು ಸರಿಯಾದ ಅರ್ಥಿಂಗ್ ಕೊಡಿಸಿದರೆ ಅದನ್ನು ಪುಕ್ಕಟೆ ಭಾಗ್ಯ ಎಂದು ಯಾರೂ ಆಡಿಕೊಳ್ಳಲಾರರು.

ನಗರಗಳ ಸಮಸ್ಯೆ ಇನ್ನೊಂದು ಬಗೆಯದು. ಬೆಂಗಳೂರಿನ ಬಾಡಿಗೆ ಕರಾರುಗಳಲ್ಲಿ, ಮನೆ ಬಿಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಿಂದ ಮುರಿದುಕೊಳ್ಳುವ ಷರತ್ತು ತಪ್ಪದೆ ಇರುತ್ತದೆ. ಗೋಡೆಯ ಮೇಲಿನ ಬಣ್ಣಕ್ಕೆ ಕರಾರಿದೆ, ಗೋಡೆಯೊಳಗಿನ ತಂತಿಗೆ ಇಲ್ಲ. ಬಾಡಿಗೆದಾರ ಹೇಳಿದರೆ "ನಾವಿದ್ದಾಗ ಚೆನ್ನಾಗೇ ಇತ್ತಲ್ಲ" ಎಂಬ ಉತ್ತರ. ತಾನೇ ಮಾಡಿಸೋಣವೆಂದರೆ ಇನ್ನೊಬ್ಬರ ಗೋಡೆ. ಮನೆಯೊಳಗೂ ಇದೇ ಕತೆ: ಗ್ರೈಂಡರು, ವಾಷಿಂಗ್ ಮೆಷಿನ್ನು, ಇಸ್ತ್ರಿಪೆಟ್ಟಿಗೆ ದಿನವೂ ಮುಟ್ಟುವವರು ಹೆಂಗಸರು, ಮನೆಗೆಲಸದವರು, ವೈರಿಂಗಿಗೆ ಎಷ್ಟು ಖರ್ಚು ಮಾಡಬೇಕೆಂದು ತೀರ್ಮಾನಿಸುವವರು ಬೇರೆ. ಅಪಾಯ ಹೊರುವವರ ಕೈಯಲ್ಲಿ ನಿರ್ಧಾರವಿಲ್ಲ, ನಿರ್ಧರಿಸುವವರ ಮೈಗೆ ಶಾಕ್ ಹೊಡೆಯುವುದಿಲ್ಲ. ಆದ್ದರಿಂದ ಇದು ಬರೀ ತಾಂತ್ರಿಕ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ. ಇಂಗ್ಲೆಂಡಿನಲ್ಲಿ 2020ರ ನಿಯಮದಂತೆ ಖಾಸಗಿ ಬಾಡಿಗೆ ಮನೆಯ ಮಾಲೀಕ ಕನಿಷ್ಠ ಐದು ವರ್ಷಕ್ಕೊಮ್ಮೆ ವೈರಿಂಗ್ ಪರೀಕ್ಷೆ ಮಾಡಿಸಿ, ವರದಿಯನ್ನು ಬಾಡಿಗೆದಾರನಿಗೆ ಕೊಡಲೇಬೇಕು. ನಮ್ಮ ಕರಾರಿನಲ್ಲೂ ಪೇಂಟಿಂಗ್ ಸಾಲಿನ ಕೆಳಗೆ ಇಂಥ ಒಂದು ಸಾಲು ಸೇರಿಸಲು ಹೊಸ ಕಾನೂನಿಗೆ ಕಾಯಬೇಕಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಒಂದು ಪಾಲು ಯಾರು ಬೇಕಾದರೂ ಮಾಡಬಹುದಾದದ್ದು. ಆರ್‌ಸಿಸಿಬಿಯ ಮೇಲೆ 'ಟಿ' ಎಂದು ಬರೆದ ಸಣ್ಣ ಗುಂಡಿಯಿದೆ. ಅದನ್ನು ಒತ್ತಿದರೆ ತಟ್ಟನೆ ಬೀಳಬೇಕು. ಬೀಳದಿದ್ದರೆ ಪೆಟ್ಟಿಗೆ ಸತ್ತಿದೆ ಅಥವಾ ಡೈರೆಕ್ಟ್ ಆಗಿದೆ. ತಿಂಗಳಿಗೊಮ್ಮೆ ಒತ್ತುವುದು ಒಳ್ಳೆಯದು. ಅದು ನೆನಪಿರದವರು ಆಯುಧಪೂಜೆಯ ದಿನವನ್ನಾದರೂ ಇಟ್ಟುಕೊಳ್ಳಲಿ: ಮೀಟರ್ ಬೋರ್ಡಿಗೆ ಅರಿಶಿನ ಕುಂಕುಮ ಇಡುವ ಮುಂಚೆ ಗುಂಡಿ ಒತ್ತಿ, ಸಾಕೆಟ್ಟುಗಳ ಸುತ್ತ ಕಂದು ಕಲೆಯಿದೆಯೇ ನೋಡಿ, ಹರಿದ ವೈರು, ಟೇಪು ಸುತ್ತಿದ ಪ್ಲಗ್ಗು ಬಿಸಾಡಿ. ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಗೀಸರ್, ಇಂಡಕ್ಷನ್ ಒಲೆ ಓಡಿಸುವುದನ್ನು ಬಿಡಬೇಕು. ಇನ್ನೊಂದು ಪಾಲು ಮನೆಯವರು ಕೈಹಾಕಬಾರದ್ದು. ಬೋರ್ಡು ಬಿಚ್ಚುವ ಕೆಲಸ ಪರ್ಮಿಟ್ ಇರುವ ವೈರ್‌ಮನ್‌ಗೋ ಲೈಸೆನ್ಸ್ ಇರುವ ಕಂಟ್ರಾಕ್ಟರ್‌ಗೋ ಸೇರಿದ್ದು; ಕರ್ನಾಟಕದಲ್ಲಿ ಆ ಪರವಾನಗಿ ವಿದ್ಯುತ್ ಪರಿವೀಕ್ಷಣಾ ಇಲಾಖೆಯ ವ್ಯಾಪ್ತಿಯದು. ಮೇನ್ ಸ್ವಿಚ್ ಇಳಿಸಿದ್ದೇವೆ ಎಂಬ ಧೈರ್ಯವೂ ಸಾಲದು, ಯುಪಿಎಸ್ ಇದ್ದ ಮನೆಯಲ್ಲಿ ಮೇನ್ ಇಳಿಸಿದ ಮೇಲೂ ಅರ್ಧ ಮನೆಯ ತಂತಿಗಳಲ್ಲಿ ಕರೆಂಟು ಇರುತ್ತದೆ. ಬಿಸಿಲಿರುವಷ್ಟು ಹೊತ್ತು ಸೋಲಾರ್ ಫಲಕದ ತಂತಿಗಳಲ್ಲೂ ಅಷ್ಟೇ.

ಐದು ವರ್ಷಕ್ಕೊಮ್ಮೆ ಪರವಾನಗಿ ಇರುವವರನ್ನು ಕರೆಸಿದಾಗ ಕೇಳಬೇಕಾದ್ದು "ಎಲ್ಲ ಸರಿಯಿದೆಯಾ?" ಎಂದಲ್ಲ. ಆ ಪ್ರಶ್ನೆಗೆ "ಸರಿಯಿದೆ ಸರ್" ಎಂಬುದೊಂದೇ ಉತ್ತರ. ಅರ್ಥಿಂಗ್ ಎಷ್ಟು ಓಮ್ ಬಂತು? ಐದರ ಒಳಗಿರಲಿ ಎಂಬುದು ರೂಢಿಯ ಮಾತು. ತಂತಿಗಳಿಗೆ ಹೊದಿಕೆಯ ಪ್ರತಿರೋಧ ಅಳೆಯುವ ಮೆಗ್ಗರ್ ಹಾಕಿದಾಗ ಎಷ್ಟು ಬಂತು? ಒಂದು ಮೆಗಾ ಓಮ್‌ಗಿಂತ ಕೆಳಗಿಳಿದರೆ ಹೊದಿಕೆಯ ಕಾಲ ಮುಗಿಯುತ್ತ ಬಂದಿದೆ. ಈ ಎರಡು ಸಂಖ್ಯೆಗಳನ್ನು ತಾರೀಖಿನೊಂದಿಗೆ ಬರೆದು, ಖಾತಾ ಪತ್ರ, ತೆರಿಗೆ ರಸೀದಿ ಇಡುವ ಕಡತದಲ್ಲೇ ಇಡಬೇಕು. ಮನೆ ಕೊಳ್ಳುವಾಗ, ಬಾಡಿಗೆಗೆ ಹಿಡಿಯುವಾಗ ಆ ಹಾಳೆಯನ್ನು ಕೇಳುವ ರೂಢಿ ಬೆಳೆದರೆ ಮಾಲೀಕರು ತಾವಾಗಿಯೇ ಪರೀಕ್ಷೆ ಮಾಡಿಸುತ್ತಾರೆ, ಎಲೆಕ್ಟ್ರಿಷಿಯನ್‌ಗಳು ಮೀಟರು ಮೆಗ್ಗರು ಇಟ್ಟುಕೊಳ್ಳುತ್ತಾರೆ, ಡೈರೆಕ್ಟ್ ಮಾಡುವ ಕೈ ಹಿಂಜರಿಯುತ್ತದೆ. ಕೇಳುವವರಿಲ್ಲದ ಕಡೆ ಯಾವ ನಿಯಮವೂ ಜಾರಿಗೆ ಬಂದಿಲ್ಲ. 1956ರಿಂದ ಹಾಳೆಯಲ್ಲೇ ಉಳಿದ ಐದು ವರ್ಷದ ತಪಾಸಣೆಯೇ ಅದಕ್ಕೆ ಸಾಕ್ಷಿ. ಕೇಳುವ ಕೆಲಸವನ್ನು ಮನೆಯವರು ಶುರುಮಾಡದೆ ಬೇರೆ ದಾರಿಯಿಲ್ಲ.